ಕೃಷಿ ಹೊಂಡದ ನೀರು: ಆವಿ ಎಷ್ಟು, ಸೋರಿಕೆ ಎಷ್ಟು? ಏಪ್ರಿಲ್ ಲೆಕ್ಕ

ಹಿರಿಯೂರು ಕಡೆಯ ನಮ್ಮ ತೋಟದ ಹೊಂಡ ಈಗ ದಿನಕ್ಕೆ ಸುಮಾರು 12 ಮಿಲಿಮೀಟರ್ ಇಳಿಯುತ್ತಿದೆ, ಅದೂ ಮೋಟರ್ ಹಾಕದ ದಿನಗಳಲ್ಲಿ. "ಬಿಸಿಲಿಗೆ ಆರ್ತದೆ ಬಿಡಪ್ಪ" ಅನ್ನುತ್ತಾರೆ ಊರಿನವರು. ಬಿಸಿಲು ಜೋರೇ, ಒಪ್ಪುತ್ತೇನೆ. ಆದರೆ ಅಷ್ಟೂ ಬಿಸಿಲಿನ ಪಾಲೇನಾ? ಅದನ್ನು ನೋಡೋಣ ಅಂತಲೇ ಪ್ಯಾನ್, ಅಂದರೆ ನೀರು ತುಂಬಿಸಿಟ್ಟು ದಿನಕ್ಕೆ ಎಷ್ಟು ಆವಿಯಾಯಿತು ಅಂತ ಅಳೆಯುವ ಅಗಲದ ಪಾತ್ರೆ, ಕೂರಿಸಿದ್ದೇನೆ.

ಅಳತೆ ನಮ್ಮ ದೇಶದ ಮಾನಕದ, ಅಂದರೆ ಐಎಸ್ಐ ಪ್ಯಾನಿನದೇ: 122 ಸೆಂಟಿಮೀಟರ್ ಅಗಲ, 25.5 ಆಳ. ಅಸಲಿಯದು ತಾಮ್ರದ್ದು, ಅಷ್ಟು ದುಡ್ಡು ಯಾರು ಹಾಕುತ್ತಾರೆ, ಹಾಗಾಗಿ ಜಿಐ ಶೀಟಿನಲ್ಲಿ ಮಾಡಿಸಿ ಹೊರಗೆ ಬಿಳಿ ಬಣ್ಣ ಬಳಿದು, ಅಡಿಯಲ್ಲಿ ಗಾಳಿ ಆಡುವ ಹಾಗೆ ಮರದ ಚೌಕಟ್ಟಿನ ಮೇಲಿಟ್ಟಿದ್ದೇನೆ. ಮೇಲೆ ಜಾಲರಿ ಬೇಕೇ ಬೇಕು. ಇಲ್ಲದಿದ್ದರೆ ಕಾಗೆ, ನಾಯಿ ಕುಡಿದ ನೀರೂ ಆವಿಯ ಲೆಕ್ಕಕ್ಕೆ ಸೇರುತ್ತದೆ! ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಗುರುತಿನ ತನಕ ನೀರು ಅಳೆದು ಸುರಿಯುತ್ತೇನೆ. ಈ ಅಗಲಕ್ಕೆ 1.17 ಲೀಟರ್ ಹಿಡಿದರೆ 1 ಮಿಲಿಮೀಟರ್ ಇಳಿದಿತ್ತು ಅಂತ.

ಪ್ಯಾನಿನಲ್ಲಿ ಈ ವಾರದ ಸರಾಸರಿ ದಿನಕ್ಕೆ 9 ಮಿಲಿಮೀಟರ್. ಪ್ಯಾನ್ ಚಿಕ್ಕದು, ಅದರ ಗೋಡೆಯೂ ಕಾಯುತ್ತದೆ, ಆದ್ದರಿಂದ ಕೆರೆಗಿಂತ ಜಾಸ್ತಿ ಆರುತ್ತದೆ. ಜಾಲರಿ ಇರುವ ನಮ್ಮ ಪ್ಯಾನಿಗೆ 0.8ರಿಂದ ಗುಣಿಸುವುದು ವಾಡಿಕೆ, ಜಾಲರಿ ಇಲ್ಲದ ಅಮೆರಿಕದ ಕ್ಲಾಸ್ ಎ ಪ್ಯಾನಿಗೆ 0.7. ಅಂದರೆ ನನಗೆ 7.2. ಆದರೆ ಈ ಗುಣಕ ವರ್ಷದ ಲೆಕ್ಕಕ್ಕೆ ಹೊಂದುವಷ್ಟು ಒಂದೊಂದು ದಿನಕ್ಕೆ ಹೊಂದುವುದಿಲ್ಲ. ಆಳದ ನೀರು ಬಿಸಿಯನ್ನು ಹಿಡಿದಿಟ್ಟುಕೊಂಡು ತಡವಾಗಿ ಬಿಡುತ್ತದೆ ನೋಡಿ.

ಹವಾಮಾನದಿಂದ ಆವಿಯನ್ನು ಅಂದಾಜು ಮಾಡುವ ಹಾರ್ಗ್ರೀವ್ಸ್ ಸೂತ್ರದಲ್ಲೂ ಹಾಕಿ ನೋಡಿದೆ. ಪೆನ್‌ಮನ್-ಮಾಂಟೀತ್ ಅನ್ನುವ ಇನ್ನೊಂದು ಸೂತ್ರಕ್ಕೆ ಗಾಳಿ, ತೇವಾಂಶ, ಬಿಸಿಲು ಎಲ್ಲ ಬೇಕು, ಇದಕ್ಕೆ ದಿನದ ಗರಿಷ್ಠ, ಕನಿಷ್ಠ ಉಷ್ಣಾಂಶ ಗೊತ್ತಿದ್ದರೆ ಸಾಕು, ಉಳಿದದ್ದು ಅಕ್ಷಾಂಶ ಮತ್ತು ತಿಂಗಳು ನೋಡಿ ಪಟ್ಟಿಯಲ್ಲಿ ಸಿಗುತ್ತದೆ. 37 ಮತ್ತು 23 ಡಿಗ್ರಿಗೆ ಸುಮಾರು 6.5 ಬಂತು. ಅದು ಹುಲ್ಲಿನ ನೆಲದ ಲೆಕ್ಕ, ತೆರೆದ ನೀರು ಸ್ವಲ್ಪ ಮೇಲೇ ಇರುತ್ತದೆ.

ನನಗೆ ಹೆಚ್ಚು ನಂಬಿಕೆ ಬಂದದ್ದು ಬಕೆಟ್ ಮೇಲೆ. ಹೊಂಡದ ಮೆಟ್ಟಿಲ ಮೇಲೆ, ಮುಕ್ಕಾಲು ಮುಳುಗುವ ಹಾಗೆ ಬಕೆಟ್ ಇಟ್ಟು, ಹೊರಗಿನಷ್ಟೇ ಮಟ್ಟಕ್ಕೆ ಒಳಗೂ ನೀರು ತುಂಬಿಸುವುದು. ಎರಡಕ್ಕೂ ಅದೇ ಬಿಸಿಲು, ಅದೇ ಗಾಳಿ, ಹೆಚ್ಚುಕಡಿಮೆ ಅದೇ ಬಿಸಿ. ಬಕೆಟ್ಟಿನ ಮಟ್ಟ ಇಳಿದದ್ದು 7, ಹೊಂಡದ್ದು 12. ಬಕೆಟ್ ಸೋರುವುದಿಲ್ಲ, ಅಲ್ವಾ? ಉಳಿದ 5 ಮಿಲಿಮೀಟರ್ ಹೊಂಡಕ್ಕೆ ಹಾಸಿದ ಟಾರ್ಪಾಲಿನ ತೂತಿನದು. 12 ಮೀಟರ್ ಚೌಕದ ಹೊಂಡಕ್ಕೆ ಅದು ದಿನಕ್ಕೆ 720 ಲೀಟರ್. ಆವಿಯಾಗುವುದು ಸಾವಿರ ಲೀಟರ್ ಚಿಲ್ಲರೆ, ಅದಕ್ಕೆ ಸದ್ಯಕ್ಕೆ ಏನೂ ಮಾಡುವ ಹಾಗಿಲ್ಲ.

ಅಲೆಗೆ ಮಟ್ಟ ಕುಣಿಯುತ್ತದೆ, ಅದಕ್ಕೆ ಸಣ್ಣ ತೂತು ಕೊರೆದ ಪಿವಿಸಿ ಪೈಪನ್ನು ನೆಟ್ಟಗೆ ನಿಲ್ಲಿಸಿ ಅದರೊಳಗೆ ಅಳೆಯುತ್ತೇನೆ. ಇಳಿಜಾರು ಗೋಡೆಯ ಮೇಲೆ ಸ್ಕೇಲ್ ಅಂಟಿಸಿದರೆ ಓದು ದೊಡ್ಡದಾಗಿ ಕಾಣುತ್ತದೆ, 45 ಡಿಗ್ರಿ ಇದ್ದರೆ 5ಕ್ಕೆ 7 ತೋರಿಸುತ್ತದೆ, 1.4ರಿಂದ ಭಾಗಿಸಿಕೊಳ್ಳಬೇಕು.

ತೂತು ಹುಡುಕಲು ಹೊಂಡವನ್ನು ಬರಿದು ಮಾಡುವುದಿಲ್ಲ. ಇಳಿಯುತ್ತಾ ಹೋಗಲಿ. ಬಕೆಟ್ಟಿನದೂ ಹೊಂಡದ್ದೂ ಮಟ್ಟ ಒಂದೇ ಸಮ ಇಳಿಯತೊಡಗಿದ ದಿನ, ನೀರಿನ ಗೆರೆಯ ಸ್ವಲ್ಪ ಮೇಲೆ ಸುತ್ತಲೂ ನೋಡಿದರೆ ಸಿಗಬೇಕು. ತೇಪೆ ಹಾಕಿದ ಮೇಲೆ ಅರ್ಧ ಹೊಂಡಕ್ಕೆ ಶೇಡ್ ನೆಟ್ ಕಟ್ಟಿ, ನೆರಳಲ್ಲೊಂದು ಬಿಸಿಲಲ್ಲೊಂದು ಬಕೆಟ್ ಇಡುವ ಯೋಚನೆ ಇದೆ.