ಕ್ಯಾಪ್ಟನ್ ಪಿಕಾರ್ಡ್ ಚಾ, ರಾಯಚೂರು ನೀರು: ಆರು ವಾರದ ಲೆಕ್ಕ

ಆರು ವಾರ ಆಯ್ತು ಮನ್ಯಾಗ ಅರ್ಲ್ ಗ್ರೇ ಅನ್ನೋ ಚಾ ಮಾಡೋ ಕೆಲ್ಸ ಹಿಡ್ದು. ಇಲ್ಲಿ ತನ ಏನಾಯ್ತು ಅಂತ ಒಂದ್ ಕಡೆ ಬರ್ದಿಡ್ತೀನಿ, ಇಲ್ಲಾಂದ್ರ ಯಾವ ಸರ್ತಿ ಎಷ್ಟು ಲಿಂಬಿ ಕಿತ್ತಳಿ ಸಿಪ್ಪಿ ಹಾಕಿದ್ದೆ ಅನ್ನೋದು ಮರ್ತೇ ಹೋಗ್ತದ.

ಶುರು ಆಗಿದ್ದು ಟಿವಿಯಿಂದ. ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಷನ್, 1987ರಿಂದ 1994ರ ತನ ಬಂದ ಬಾಹ್ಯಾಕಾಶ ಹಡಗಿನ ಸೀರಿಯಲ್ಲು, ಏಳು ಸೀಸನ್, 178 ಎಪಿಸೋಡು. ನಾನು ರಾಯಚೂರು ಹತ್ರದ ಶಕ್ತಿನಗರದಾಗ ಶಿಫ್ಟ್ ಡ್ಯೂಟಿ ಮಾಡಾಂವ, ನೈಟ್ ಮುಗಿಸ್ಕೊಂಡು ಮನಿಗೆ ಬಂದ್ರ ನಿದ್ದಿ ಲಗೂನ ಹತ್ತಂಗಿಲ್ಲ, ಹಂಗಾಗಿ ದಿನಾ ಒಂದೊಂದು ಎಪಿಸೋಡ್ ನೋಡ್ಕೋತ ಹೋದೆ. ಅದ್ರಾಗ ಪ್ಯಾಟ್ರಿಕ್ ಸ್ಟೀವರ್ಟ್ ಮಾಡಿದ ಕ್ಯಾಪ್ಟನ್ ಪಿಕಾರ್ಡ್ ತನ್ನ ರೂಮಿನ ಗ್ವಾಡ್ಯಾಗಿನ ಮಷೀನ್ ಮುಂದ ನಿಂತು 'ಟೀ, ಅರ್ಲ್ ಗ್ರೇ, ಹಾಟ್' ಅಂತಾನ, ಗಾಜಿನ ಕಪ್ಪಿನಾಗ ಹೊಗಿ ಆಡೋ ಚಾ ಬರ್ತದ. 1989ರ ಒಂದು ಎಪಿಸೋಡಿನಾಗ ಹಡಗಿನ ಕಂಪ್ಯೂಟರ್ ಕೆಟ್ಟಿರ್ತದ, ಆಂವ ಚಾ ಕೇಳಿದ್ರ ಗಿಡದ ಕುಂಡ ಬರ್ತದ, ಅದು ನನಗ ಬಾಳ ಸೇರಿದ ಸೀನು.

ಆದ್ರ ನನ್ನ ಹಿಡ್ಕೊಂಡಿದ್ದು ಆ ಮಷೀನ್ ಅಲ್ಲ, ಆಂವ ಕುಡಿಯೋ ರೀತಿ. ತಲಿ ಮ್ಯಾಲೆ ಎಷ್ಟೇ ತ್ರಾಸ್ ಇರ್ಲಿ, ಕುಂತು ಕುಡೀತಾನ. ನಾನು ದಿನಕ್ಕ ಏಳೆಂಟು ಚಾ ಕುಡೀತಿದ್ದೆ, ಎಲ್ಲಾ ನಿಂತ್ಕೊಂಡೇ, ಒಂದರ ರುಚಿನೂ ನೆನಪಿಲ್ಲ. ರಾಯಚೂರಿನ ತೀನ್ ಕಂದೀಲ್ ಕಡೆ ಹೋದ್ರ ಒಗ್ಗರಣಿ ಮಿರ್ಚಿ ತಿಂದು ಮ್ಯಾಲೆ ಒಂದು ಸಿಂಗಲ್ ಚಾ, ಅದನ್ನ ಬಿಟ್ಟಿಲ್ಲ, ಬಿಡಂಗೂ ಇಲ್ಲ, ಮಿರ್ಚಿ ಖಾರಕ್ಕ ಆ ಸಕ್ರಿ ಚಾನೇ ಬೇಕು. ಉಳಿದ ಆರು ಯಾಕ ಕುಡೀತಿದ್ದೆ ಅನ್ನೋದೇ ಪ್ರಶ್ನಿ.

ಮೊದಲನೇ ವಾರ ಆನ್‌ಲೈನ್‌ನಾಗ ಅರ್ಲ್ ಗ್ರೇ ಡಬ್ಬಿ ತರಿಸಿದೆ. 1830ರಿಂದ 1834ರ ತನ ಬ್ರಿಟನ್ನಿನ ಪ್ರಧಾನಿ ಆಗಿದ್ದ ಚಾರ್ಲ್ಸ್ ಗ್ರೇ ಹೆಸರಿನ ಚಾ ಇದು, ಬರ್ಗಮಾಟ್ ಅನ್ನೋ ಲಿಂಬಿ ಜಾತಿ ಹಣ್ಣಿನ ಸಿಪ್ಪಿ ಎಣ್ಣಿ ಹಚ್ಚಿರ್ತಾರ. ನಾನು ನಮ್ಮ ಪದ್ಧತಿಯಂಗ ಬೋಗಾಣ್ಯಾಗ ಹಾಲು ಸಕ್ರಿ ಹಾಕಿ ಐದು ನಿಮಿಷ ಕುದಿಸಿದೆ. ಅವ್ವ ಒಂದು ಗುಟುಕು ಕುಡ್ದು 'ಏನೋ ಇದು, ಸಾಬಾನ್ ವಾಸನಿ ಬರ್ತದಲ್ಲೋ' ಅಂದ್ಲು. ಖರೇನೇ. ಹಂಗ ಕುದಿಸಿದ್ರ ಎಣ್ಣಿ ಘಮ ಬಾಳಷ್ಟು ಹಾರಿ ಹೋಗಿ ಕಹಿ ಹೆಚ್ಚಾಗ್ತದ. ಕುದ್ದ ನೀರು ಎಲಿ ಮ್ಯಾಲೆ ಹಾಕಿ, ಮುಚ್ಚಿ, ಮೂರು ನಾಲ್ಕು ನಿಮಿಷಕ್ಕ ಸೋಸಬೇಕು, ಮುಗೀತು.

ಎರಡನೇ ವಾರ ಪೂರಾ ನೀರಿನ ಜೊತಿ ಗುದ್ದಾಟ. ಗಾಜಿನ ಗ್ಲಾಸಿನಾಗ ಚಾ ಹಾಕಿ ಕಿಟಕಿ ಕಡೆ ಹಿಡಿದು ನೋಡಿದ್ರ ಮ್ಯಾಲೆ ಒಂದು ತೆಳ್ಳನ ಪೊರಿ, ಎಣ್ಣಿ ಬಿದ್ದಂಗ ಬಣ್ಣ ಬಣ್ಣ ಹೊಳೀತಿತ್ತು, ಚಮಚ ಆಡಿಸಿದ್ರ ಸಣ್ಣ ಸಣ್ಣ ತುಂಡಾಗಿ ಗ್ಲಾಸಿನ ಅಂಚಿಗೆ ಕಂದು ಗೆರಿ ಬಿಡ್ತಿತ್ತು. ಚಾಪುಡಿದೇ ತಪ್ಪು ಅನ್ಕೊಂಡಿದ್ದೆ. ಅದು ನಮ್ಮ ಬೋರಿನ ಗಡಸು ನೀರು, ಅದ್ರಾಗಿನ ಕ್ಯಾಲ್ಸಿಯಂ ಚಾದ ಒಗರಿನ ಜೊತಿ ಕೂಡಿ ಪೊರಿ ಕಟ್ತದ. ಎರಡು ಹನಿ ಲಿಂಬಿ ರಸ ಬಿಟ್ರ ಕಣ್ಣ ಮುಂದನ ಕರಗ್ತದ, ಮಾಡಿ ನೋಡ್ರಿ. ಈಗ ಕ್ಯಾನಿನ ಫಿಲ್ಟರ್ ನೀರಿನಾಗ ಮಾಡ್ತೀನಿ, ಪೊರಿ ಇಲ್ಲ, ಬಣ್ಣ ತಿಳಿ ಕೆಂಪು.

ಡಬ್ಬಿ ಖಾಲಿ ಆತು, ರೇಟು ನೋಡಿ ಮತ್ತ ತರ್ಸೋಕೆ ಮನಸ್ಸಾಗ್ಲಿಲ್ಲ, ಮನ್ಯಾಗೇ ಮಾಡೋಣ ಅಂತ ಕುಂತೆ. ಮನಿ ಚಾಪುಡಿ ನಡೀಲಿಲ್ಲ. ಅದು ಸಿಟಿಸಿ, ಮಷೀನಿನಾಗ ಒತ್ತಿ ಹರ್ದು ಸುರುಳಿ ಮಾಡಿದ ಕಾಳು, 1930ರ ದಶಕದಾಗ ಅಸ್ಸಾಂನಾಗ ಶುರು ಆಗಿದ್ದು, ಲಗೂನ ಬಣ್ಣ ಬಿಡ್ತದ, ಹಾಲು ಹಾಕಿದ್ರ ಹಾಲಿನ ಪ್ರೋಟೀನು ಆ ಒಗರನ್ನ ಹಿಡ್ಕೊಂತದ, ಹಾಲಿಲ್ಲ ಅಂದ್ರ ನಾಲಿಗಿ ಒಣಗ್ತದ. ಹಂಗಾಗಿ ನೀಲಗಿರಿ ಉದ್ದ ಎಲಿ ಚಾ ತಂದೆ. ಮಾರ್ಕೆಟ್‌ನಾಗಿಂದ ಲಿಂಬಿ, ಕಿತ್ತಳಿ, ಮೋಸಂಬಿ. ಸಿಪ್ಪಿ ಮಾಳಿಗಿ ಮ್ಯಾಲೆ ಒಣ ಹಾಕಿದೆ, ನಮ್ಮ ಬಿಸಲು ಗೊತ್ತಲ್ಲ, ಮಧ್ಯಾಹ್ನಕ್ಕ ಸಿಪ್ಪಿ ಸುಟ್ಟಂಗ ಕಂದಾಗಿ ಘಮ ಎಲ್ಲಾ ಹಾರಿ ಹೋಗಿತ್ತು. ಎರಡನೇ ಸರ್ತಿ ಒಳಗ ಫ್ಯಾನಿನ ಕೆಳಗ ಪೇಪರ್ ಮ್ಯಾಲೆ ಮೂರು ದಿನ ಇಟ್ಟೆ, ಚೊಲೋ ಬಂತು. 50 ಗ್ರಾಂ ಎಲಿಗೆ 10 ಗ್ರಾಂ ಸಿಪ್ಪಿ, ಬಿಗಿ ಮುಚ್ಚಳದ ಡಬ್ಬಿ, ಒಂದು ವಾರ.

ತೆಗೆದು ನೋಡಿದ್ರ ಘಮ ಅದ, ಆದ್ರ ಕಿತ್ತಳಿ ಪೆಪ್ಪರಮೆಂಟ್ ಘಮ. ಕ್ಯಾಪ್ಟನ್ ಚಾ ಅಲ್ಲ.

ಎರಡು ದಿನ ಓದಿದೆ ಯಾಕ ಅಂತ. ನಮ್ಮ ಲಿಂಬಿ ಕಿತ್ತಳಿ ಸಿಪ್ಪಿ ಎಣ್ಣಿ ಬಹುತೇಕ ಲಿಮೊನೀನ್ ಅನ್ನೋ ಘಮದ ಅಂಶ. ಇಟಲಿಯ ಕಲಾಬ್ರಿಯಾದಾಗ ಹೆಚ್ಚು ಬೆಳಿಯೋ ಬರ್ಗಮಾಟ್‌ನಾಗ ಅದ್ರ ಜೊತಿಗೆ ಲಿನಲೂಲ್ ಅನ್ನೋದೂ ಇರ್ತದ, ಆ ಹೂವಿನ ಘಮ ಅದರದ್ದು. ಮತ್ತ ಆ ಲಿನಲೂಲ್ ಯಾವುದ್ರಾಗ ಭರ್ತಿ ಅದ ಅಂದ್ರ ಕೊತ್ತಂಬರಿ ಕಾಳಿನಾಗ! ಓದಿದ ಕೂಡ್ಲೆ ಎದ್ದು ಅಡಗಿ ಮನಿಗೆ ಹೋಗಿ ಹುರೀದೇ ಇರೋ ಕಾಳು ಎರಡು ಬೆರಳಿನಾಗ ಹಿಚುಕಿ ಮೂಗಿಗೆ ಹಿಡ್ದೆ. ಇಷ್ಟು ವರ್ಷ ಸಾರಿನಾಗ ತಿಂದೀನಿ, ಅದ್ರಾಗ ಹೂವಿನ ವಾಸನಿ ಅದ ಅಂತ ಅವತ್ತೇ ಗೊತ್ತಾಗಿದ್ದು. ಹೆಂಡ್ತಿ 'ಏನ್ರೀ, ಚಾಕ್ಕ ಸಾರಿನ ಸಾಮಾನು ಹಾಕ್ತೀರೇನು' ಅಂದ್ಲು.

ಒಂದು ಚಮಚ ಹಾಕಿದಾಗ ಆಕಿ ಹೇಳಿದ್ದೇ ಆತು, ಸಾರೇ ಆತು. ಈಗ 50 ಗ್ರಾಂ ಎಲಿ, ಬಿಳಿ ಭಾಗ ಕೆರೆದು ತೆಗೆದ ಲಿಂಬಿ ಸಿಪ್ಪಿ 8 ಗ್ರಾಂ, ಕಿತ್ತಳಿ 4 ಗ್ರಾಂ, ಜಜ್ಜಿದ ಕೊತ್ತಂಬರಿ ಅರ್ಧ ಚಮಚ. ಡಬ್ಬಿ ಚಾ ಅಲ್ಲ ಇದು, ಆದ್ರ ಮೊದಲ ಎರಡು ಗುಟುಕು ಅದ್ರ ಬಾಜೂಕ್ಕ ಬರ್ತದ. ಮೋಸಂಬಿ ಬಿಟ್ಟೆ, ಏನೂ ಕೊಡಂಗಿಲ್ಲ ಅದು.

ದಿನಕ್ಕ ಈಗ ಮೂರೇ ಚಾ. ನೈಟ್ ಮುಗಿಸಿ ಬಂದು ಕುಡಿದ್ರ ನಿದ್ದಿ ಕೆಡ್ತದ, ಅದಕ್ಕ ಸಂಜಿ ನಾಕಕ್ಕ ಎದ್ದು ಕುಂತು ಒಂದು ಗ್ಲಾಸು, ಒಂದು ಎಪಿಸೋಡು, ಆಮ್ಯಾಲೆ ಡ್ಯೂಟಿ. ಸಕ್ರಿ ಹಾಕಂಗಿಲ್ಲ. ಹೋದ ವಾರದಿಂದ ಅವ್ವನೂ ಅರ್ಧ ಗ್ಲಾಸು ಕೇಳ್ತಾಳ, ಆಕಿಗೆ ಒಂದು ಚೂರು ಬೆಲ್ಲ ಬೇಕು.

ಆರನೇ ಡಬ್ಬಿ ಮೊನ್ನೆ ಮುಚ್ಚಿಟ್ಟೀನಿ. ಈ ಸರ್ತಿ ಕೊತ್ತಂಬರಿ ಬ್ಯಾರೆ ಬಟ್ಟಿಯಾಗ ಕಟ್ಟಿ ಒಳಗ ಇಟ್ಟೀನಿ, ಕಾಳು ಚಾಕ್ಕ ಬೀಳದೇ ಘಮ ಅಷ್ಟೇ ಹತ್ತಲಿ ಅಂತ. ಗುರುವಾರ ತೆಗೀತೀನಿ.