ಅನಾನಸ್ ಸೇಜ್ ಹೂ ಬಿಡಬೇಕಾದರೆ ರಾತ್ರಿ ಕತ್ತಲಿರಬೇಕು

ಪುಣೆಯಲ್ಲಿ ಅನಾನಸ್ ಸೇಜ್ ಬೆಳೆಸುವ ಕನ್ನಡಿಗರಿಂದ ಹೆಚ್ಚಾಗಿ ಕೇಳಿಬರುವ ದೂರು ಒಂದೇ: ಗಿಡ ಸೊಂಪಾಗಿದೆ, ಹೂವಿಲ್ಲ. ಹೂವಿಲ್ಲವೆಂದು ಗೊಬ್ಬರ ಸುರಿದರೆ ಎಲೆ ಇನ್ನಷ್ಟು ಬರುತ್ತದೆಯೇ ಹೊರತು ಮೊಗ್ಗು ಬರುವುದಿಲ್ಲ.

ಅನಾನಸ್ ಸೇಜ್ (ಸಸ್ಯಶಾಸ್ತ್ರದ ಹೆಸರು ಸಾಲ್ವಿಯಾ ಎಲೆಗನ್ಸ್) ಮೆಕ್ಸಿಕೊ, ಗ್ವಾಟೆಮಾಲಾಗಳ ಬೆಟ್ಟಗಾಡಿನದು. ಸುಮಾರು 1,800ರಿಂದ 2,700 ಮೀಟರ್ ಎತ್ತರದಲ್ಲಿ, ಓಕ್ ಮತ್ತು ಪೈನ್ ಮರಗಳ ನಡುವೆ ತಾನಾಗಿ ಬೆಳೆಯುತ್ತದೆ. ತುಳಸಿ, ದೊಡ್ಡಪತ್ರೆ, ಪುದೀನದ ಕುಟುಂಬವೇ. ಕಾಂಡವನ್ನು ಬೆರಳಲ್ಲಿ ಹೊರಳಿಸಿ ನೋಡಿ, ನಾಲ್ಕು ಮೂಲೆ ಸ್ಪಷ್ಟವಾಗಿ ಸಿಗುತ್ತವೆ. ಎಲೆ ಉಜ್ಜಿದರೆ ಮಾಗಿದ ಅನಾನಸ್ಸಿನ ಘಮ.

ಹಗಲು ಕುಗ್ಗಿದಾಗಲೇ ಇದು ಮೊಗ್ಗು ಕಟ್ಟುವುದು. ಜೂನ್‌ನಲ್ಲಿ ಪುಣೆಯ ಹಗಲು 13 ಗಂಟೆಗೂ ತುಸು ಹೆಚ್ಚು, ಡಿಸೆಂಬರಿನಲ್ಲಿ 11ರ ಆಸುಪಾಸು. ಗ್ಯಾಲರಿಯ ಟ್ಯೂಬ್‌ಲೈಟೋ ಬೀದಿ ದೀಪವೋ ರಾತ್ರಿಯಿಡೀ ಗಿಡದ ಮೇಲೆ ಬೀಳುತ್ತಿದ್ದರೆ ಅದಕ್ಕೆ ಹಗಲು ಮುಗಿದದ್ದೇ ತಿಳಿಯುವುದಿಲ್ಲ. ಸೆಪ್ಟೆಂಬರಿನಿಂದಲೇ ಕುಂಡವನ್ನು ಕತ್ತಲೆಯ ಮೂಲೆಗೆ ಸರಿಸಿ. ಕುಡಿ ಚಿವುಟುವುದೂ ಆಗಸ್ಟ್ ಕೊನೆಗೆ ನಿಲ್ಲಬೇಕು, ಏಕೆಂದರೆ ಮೊಗ್ಗು ಬರುವುದು ಆ ತುದಿಗಳಲ್ಲೇ. ಆಮೇಲೆ ಕಡುಗೆಂಪು ಕೊಳವೆ ಹೂಗಳು ತೆನೆಯ ಸುತ್ತ ಸಾಮಾನ್ಯವಾಗಿ ನಾಲ್ಕು ನಾಲ್ಕಾಗಿ ಅರಳುತ್ತವೆ. ತವರಿನಲ್ಲಿ ಝೇಂಕಾರದ ಹಕ್ಕಿಗಳಿಗೆ (ಹಮ್ಮಿಂಗ್‌ಬರ್ಡ್) ಸಿಗುವ ಮಕರಂದ ಇಲ್ಲಿ ಸೂರಕ್ಕಿಗಳ ಪಾಲು.

ಗಿಡ ಸಾಯುವುದು ಹೆಚ್ಚಾಗಿ ಮಳೆಗಾಲದಲ್ಲಿ, ಬೇರು ಕೊಳೆತು. ಬೆಟ್ಟದ ಇಳಿಜಾರಿನಲ್ಲಿ ನೀರು ನಿಲ್ಲುವುದಿಲ್ಲ. ಪುಣೆಯ ಕಪ್ಪು ಎರೆಮಣ್ಣು ನೀರನ್ನು ಬಿಡುವುದಿಲ್ಲ. ಅದನ್ನು ಬಳಸಲೇಬೇಡಿ. ನರ್ಸರಿಯಲ್ಲಿ 'ಲಾಲ್ ಮಾತಿ', ಅಂದರೆ ಕೆಂಪು ಮಣ್ಣು, ಕೇಳಿ ತನ್ನಿ. ಅದು ಎರಡು ಪಾಲು, ದಪ್ಪ ಮರಳು ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು. 12 ಇಂಚಿನ ಕುಂಡ ಬೇಕು, ತಳದ ತೂತುಗಳು ಕಟ್ಟಿಕೊಂಡಿರಬಾರದು, ಕೆಳಗೆ ತಟ್ಟೆ ಇಡಬಾರದು.

ಹೊಸ ಗಿಡಕ್ಕೆ ಜುಲೈ ಒಳ್ಳೆಯ ಕಾಲ, ಗಾಳಿಯಲ್ಲಿ ತೇವವಿರುತ್ತದೆ. ಹೂವಿಲ್ಲದ ತುದಿಯನ್ನು 10 ಸೆಂ.ಮೀ. ಉದ್ದಕ್ಕೆ, ಗೆಣ್ಣಿನ ಕೆಳಗೇ ಕತ್ತರಿಸಿ. ಕೆಳಗಿನ ಎಲೆಗಳನ್ನು ತೆಗೆದು, ಸಮಪಾಲು ಮರಳು–ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ನೆಟ್ಟು, ಮಳೆ ಬೀಳದ ನೆರಳಲ್ಲಿಡಿ. ಎರಡು ಮೂರು ವಾರದಲ್ಲಿ ಬೇರು ಬರುತ್ತದೆ. ರೆಂಬೆಗಳು ಸುಲಭವಾಗಿ ಮುರಿಯುತ್ತವೆ, ಕೋಲು ಕಟ್ಟಿ.

ಬಿಳಿ ನೊಣ ಕಂಡರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸೋಪು ದ್ರಾವಣ ಬೆರೆಸಿ ಸಂಜೆ ಎಲೆಯ ಅಡಿಭಾಗಕ್ಕೆ ಸಿಂಪಡಿಸಿ. ಆ ವಾರ ಎಲೆ ಕೀಳಬೇಡಿ. ಉಳಿದ ದಿನ ನಾಲ್ಕಾರು ಎಲೆ ಜಜ್ಜಿ ನಿಂಬೆ ಪಾನಕಕ್ಕೆ ಹಾಕಿದರೆ ಬಹಳ ಚೆನ್ನ. ಕುದಿಸಿದರೆ ಘಮ ಹಾರಿಹೋಗುತ್ತದೆ.

ಹೂ ಮುಗಿದ ಮೇಲೆ, ಫೆಬ್ರವರಿ ಕೊನೆಗೆ, ಮೂರನೇ ಒಂದು ಭಾಗ ಸವರಿ. ಏಪ್ರಿಲ್–ಮೇನಲ್ಲಿ ಬೆಳಗಿನ ಬಿಸಿಲಷ್ಟೇ ಸಾಕು. ಆಗ ಮಧ್ಯಾಹ್ನ ಎಲೆ ಜೋತುಬಿದ್ದರೆ ಕೂಡಲೇ ನೀರೆರೆಯಬೇಡಿ. ಮಣ್ಣಿಗೆ ಬೆರಳು ಹಾಕಿ ನೋಡಿ. ಒಂದಿಂಚು ಕೆಳಗೆ ತೇವ ಇದ್ದರೆ ಸಂಜೆಗೆ ತಾನೇ ಚೇತರಿಸಿಕೊಳ್ಳುತ್ತದೆ.