ಪ್ಯಾರಿಷ್‌ನ ಪಾಳಿಪಟ್ಟಿ

ಇಂಗ್ಲೆಂಡಿನ ಮಿಡ್‌ಲ್ಯಾಂಡ್ಸ್ ಭಾಗದ ಈ ಪಟ್ಟಣಕ್ಕೆ ಬಂದ ಮೊದಲ ಭಾನುವಾರ ಮನೆಗೆ ಹತ್ತಿರವಿದ್ದ ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್‌ಗೆ ಸೇರಿದ) ಚರ್ಚಿಗೆ ಹೋದಾಗ, ಬಾಗಿಲಲ್ಲಿ ನಿಂತಿದ್ದ ಎಂಬತ್ತರ ಆಸುಪಾಸಿನ ಮಹಿಳೆಯೊಬ್ಬರು ನನ್ನ ಕೈಗೆ ಕೀರ್ತನೆಗಳ ಪುಸ್ತಕವನ್ನೂ ಆ ದಿನದ ಆರಾಧನೆಯ ಹಾಳೆಯನ್ನೂ ಕೊಟ್ಟು, ಕಂಬದ ಹಿಂದಿನ ಸಾಲಿನಲ್ಲಿ ವಿಪರೀತ ಚಳಿ, ಮುಂದೆ ಹೋಗಿ ಹೀಟರಿನ ಪಕ್ಕದಲ್ಲಿ ಕುಳಿತುಕೊಳ್ಳಿ ಎಂದರು. ಮರುವಾರವೂ ನಾನು ಅಲ್ಲಿಗೇ ಹೋಗಲು ಪಾದ್ರಿಯ ಪ್ರಸಂಗಕ್ಕಿಂತ ಆ ಒಂದು ಮಾತೇ ಹೆಚ್ಚು ಕಾರಣವಾಗಿತ್ತು. ಅವರು ಸಂಬಳ ಪಡೆಯುವವರಲ್ಲ, ಸೈಡ್ಸ್‌ಪರ್ಸನ್ ಎಂಬ ಹೆಸರಿನ ಸ್ವಯಂಸೇವಕಿ ಎಂಬುದು ನನಗೆ ತಿಳಿದದ್ದು ಎಷ್ಟೋ ವಾರಗಳ ನಂತರ. ಈಗ ಏಳು ವರ್ಷಗಳಾಗಿವೆ. ತಿಂಗಳಿಗೆ ಎರಡು ಭಾನುವಾರ ಅದೇ ಬಾಗಿಲಲ್ಲಿ ನಾನು ನಿಲ್ಲುತ್ತೇನೆ. ಕಂಬದ ಹಿಂದಿನ ಸಾಲಿನ ಚಳಿ ಮಾತ್ರ ಹಾಗೆಯೇ ಇದೆ.

ನಾನು ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ದಕ್ಷಿಣ ಭಾರತ ಸಭೆ) ಸಭೆಯೊಂದರಲ್ಲಿ ಬೆಳೆದವಳು. ಅಜ್ಜಿಯ ಬಾಲ್ಯದಲ್ಲಿ ಅದು ವೆಸ್ಲಿಯನ್ ಮಿಷನ್ನಿನ, ಅಂದರೆ ಮೆಥಡಿಸ್ಟರ, ಸಭೆಯಾಗಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥಡಿಸ್ಟರು ಮತ್ತು ದಕ್ಷಿಣ ಭಾರತ ಯುನೈಟೆಡ್ ಚರ್ಚಿನವರು ಕೂಡಿ ದಕ್ಷಿಣ ಭಾರತ ಸಭೆಯಾದಾಗ ನಮ್ಮವರೂ ಬಿಷಪ್ಪರ ಆಡಳಿತದೊಳಗೆ ಬಂದರು. ಮೆಥಡಿಸ್ಟ್ ಚಳವಳಿಯನ್ನು ಹುಟ್ಟುಹಾಕಿದ ಜಾನ್ ವೆಸ್ಲಿಯೇ 1791ರಲ್ಲಿ ಸಾಯುವವರೆಗೂ ಆಂಗ್ಲಿಕನ್ ಪಾದ್ರಿಯಾಗಿ ಉಳಿದಿದ್ದವನು ಎಂಬುದನ್ನು ನೆನೆದರೆ, ಇದನ್ನು ತವರಿಗೆ ಮರಳಿದಂತೆ ಎನ್ನಲೂಬಹುದು. ಆರಂಭದ ದಶಕಗಳಲ್ಲಿ ಇಂಗ್ಲೆಂಡಿನ ಆಂಗ್ಲಿಕನ್ನರು ಈ ಹೊಸ ಸಭೆಯನ್ನು ಪೂರ್ತಿಯಾಗಿ ಒಪ್ಪಿಕೊಳ್ಳಲು ಹಿಂದೆಮುಂದೆ ನೋಡಿದರು. ಇಂದು ಸಿಎಸ್‌ಐ, ಜಗತ್ತಿನ ಆಂಗ್ಲಿಕನ್ ಸಭೆಗಳ ಒಕ್ಕೂಟವಾದ ಆಂಗ್ಲಿಕನ್ ಕಮ್ಯುನಿಯನ್ನಿನ ಸದಸ್ಯ ಸಭೆ. ಹಾಗಾಗಿ ಇಲ್ಲಿ ನನಗೆ ಹೊಸದಾಗಿ ದೀಕ್ಷಾಸ್ನಾನವನ್ನಾಗಲಿ ದೃಢೀಕರಣವನ್ನಾಗಲಿ ಯಾರೂ ಕೇಳಲಿಲ್ಲ. ಆರಾಧನೆಯ ನಡುವೆ ಎಲ್ಲರೂ ಕೈಕುಲುಕಿ ಶಾಂತಿ ಹಂಚಿಕೊಳ್ಳುವುದನ್ನು ಕಂಡಾಗ ನನಗೆ ಒಳಗೊಳಗೇ ಹೆಮ್ಮೆ. ಸಿಎಸ್‌ಐ 1950ರಲ್ಲಿ ರೂಪಿಸಿದ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನಾ ಕ್ರಮವು ಕೇರಳದ ಸುರಿಯಾನಿ ಕ್ರೈಸ್ತರ ಪದ್ಧತಿಯಿಂದ ಪಡೆದು ಜನರ ನಡುವೆ ಮರಳಿ ತಂದ ಆಚರಣೆ ಅದು, ಮುಂದೆ ಪಾಶ್ಚಾತ್ಯ ಸಭೆಗಳು ತಮ್ಮ ಆರಾಧನೆಯನ್ನು ಪರಿಷ್ಕರಿಸಿದಾಗ ಅದರ ಪ್ರಭಾವಕ್ಕೆ ಒಳಗಾದವು. ಕೈಕುಲುಕಲು ಇಂದಿಗೂ ಮುಜುಗರಪಡುವ ನಮ್ಮ ಚರ್ಚಿನ ಹಿರಿಯರೊಬ್ಬರಿಗೆ ಈ ವಿಷಯ ತಿಳಿಸಿದಾಗ, ಹಾಗಾದರೆ ದೂರನ್ನು ಯಾರಿಗೆ ಸಲ್ಲಿಸಬೇಕೆಂದು ಈಗ ಗೊತ್ತಾಯಿತು ಎಂದರು.

ನಮ್ಮ ಕಡೆಯ ಸಭೆಗಳಲ್ಲಿ ‘ಅವರು ಸೇವೆಗೆ ಬಂದರು’ ಎಂದರೆ ಸಭಾಪಾಲಕರೋ ಸುವಾರ್ತಿಕರೋ ಆದರು ಎಂದೇ ಅರ್ಥ. ಇಲ್ಲಿ ಹಿಂಬಾಗಿಲ ಪಕ್ಕದ ಫಲಕದಲ್ಲಿ ‘ಮಿನಿಸ್ಟ್ರಿ’, ಅಂದರೆ ಸೇವೆ, ಎಂಬ ತಲೆಬರಹದ ಕೆಳಗೆ ಕಾಫಿ ಮಾಡುವವರು, ಹೂ ಜೋಡಿಸುವವರು, ಬೈಬಲ್ ವಾಕ್ಯ ಓದುವವರು, ಹುಲ್ಲು ಕತ್ತರಿಸುವವರು ಎಲ್ಲರ ಹೆಸರುಗಳೂ ಒಂದೇ ಅಳತೆಯ ಅಕ್ಷರಗಳಲ್ಲಿ ಇದ್ದವು. ಮೊದಲು ನಗು ಬಂತು. ಕಪ್ಪು ತೊಳೆಯುವುದಕ್ಕೆ ಇಷ್ಟು ದೊಡ್ಡ ಹೆಸರೇ ಎಂದುಕೊಂಡೆ.

ನನ್ನ ತಿಳಿವಳಿಕೆ ಬದಲಾದದ್ದು ಪ್ಯಾರಿಷ್ ಎಂಬ ಮಾತಿನ ಅರ್ಥ ತಿಳಿದಾಗ. ನಮ್ಮಲ್ಲಿ ಸಭೆ ಎಂದರೆ ಸದಸ್ಯರು: ದಾಖಲೆ ಪುಸ್ತಕದಲ್ಲಿ ಹೆಸರಿರುವ, ಚಂದಾ ಕಟ್ಟುವ, ಯಾರ ಮನೆಯಲ್ಲಿ ಏನಾಯಿತೆಂದು ಪರಸ್ಪರ ಬಲ್ಲ ಕುಟುಂಬಗಳು. ಇಂಗ್ಲೆಂಡಿನಲ್ಲಿ ಪ್ಯಾರಿಷ್ ಎಂದರೆ ಭೂಪಟದ ಮೇಲೆ ಎಳೆದ ಗೆರೆ. ಆ ಗೆರೆಯೊಳಗೆ ವಾಸಿಸುವ ಪ್ರತಿಯೊಬ್ಬರೂ, ನಂಬುವವರಾಗಲಿ ನಂಬದವರಾಗಲಿ, ಆ ಚರ್ಚಿನ ಹೊಣೆ. ಅವರಿಗೆ ಸಾಮಾನ್ಯವಾಗಿ ಅಲ್ಲಿ ಮದುವೆಯಾಗುವ ಹಕ್ಕಿದೆ, ಅಂಗಳದ ಸ್ಮಶಾನದಲ್ಲಿ ಜಾಗವಿದ್ದರೆ ಮಣ್ಣಾಗುವ ಹಕ್ಕೂ ಇದೆ. ವರ್ಷಕ್ಕೊಮ್ಮೆ ಚರ್ಚ್‌ವಾರ್ಡನ್ನರನ್ನು, ಅಂದರೆ ಚರ್ಚಿನ ಮೇಲ್ವಿಚಾರಣೆ ನೋಡುವ ಸಭಿಕರನ್ನು, ಆರಿಸುವ ಸಭೆಯಲ್ಲಿ, ಚರ್ಚಿನ ಪಟ್ಟಿಯಲ್ಲಿ ಹೆಸರಿರುವವರಷ್ಟೇ ಅಲ್ಲದೆ ಆ ಪ್ಯಾರಿಷ್‌ನ ಸ್ಥಳೀಯ ಮತದಾರರ ಪಟ್ಟಿಯಲ್ಲಿರುವ ಯಾರೂ ಮತ ಹಾಕಬಹುದು. ಕಾಮನ್‌ವೆಲ್ತ್ ಪ್ರಜೆಯಾದ್ದರಿಂದ ಭಾರತೀಯ ಪಾಸ್‌ಪೋರ್ಟಿನ ನನಗೂ ಈ ದೇಶದಲ್ಲಿ ಮತವಿದೆ. ಅಂದರೆ ನಾನು ಚರ್ಚಿನ ಹೊಸಿಲು ತುಳಿಯದೇ ಇದ್ದಿದ್ದರೂ ಅದರ ವಾರ್ಡನ್ನರನ್ನು ಆರಿಸುವ ಅಧಿಕಾರ ನನಗಿರುತ್ತಿತ್ತು. ನಮ್ಮ ಊರಿನ ಸಭಾ ಚುನಾವಣೆಗಳ ಕಾವನ್ನು ಕಂಡಿರುವ ನನಗೆ ಇದು ದಿಗಿಲು ಹುಟ್ಟಿಸಿದ ಸಂಗತಿ. ಆದರೆ ಇಲ್ಲಿನ ಆ ವಾರ್ಷಿಕ ಸಭೆಗೆ ಬಂದವರು ಹದಿನಾಲ್ಕು ಜನ, ಎರಡು ಸ್ಥಾನಗಳಿಗೆ ಇದ್ದ ಅಭ್ಯರ್ಥಿಗಳು ಇಬ್ಬರೇ.

ಚರ್ಚ್ ಆಫ್ ಇಂಗ್ಲೆಂಡ್ ರಾಜಮನೆತನದೊಡನೆ ನಂಟಿರುವ ಅಧಿಕೃತ ಸಭೆಯಾದ್ದರಿಂದ ಖರ್ಚನ್ನೆಲ್ಲ ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬ ಭಾವನೆ ಊರಿನ ನೆಂಟರಲ್ಲಿದೆ. ಹಾಗೇನೂ ಇಲ್ಲ. ಚರ್ಚ್ ಆಫ್ ಇಂಗ್ಲೆಂಡ್‌ಗೆ ಸುಮಾರು 16,000 ಕಟ್ಟಡಗಳಿವೆ. ಸೋರುವ ಮಾಡು, ವಿಮೆ, ಹೀಟರಿನ ಬಿಲ್ಲು ಇವೆಲ್ಲ ಆಯಾ ಪ್ಯಾರಿಷ್‌ನ ಕೌನ್ಸಿಲ್ಲಿನ (ಚರ್ಚಿನ ಆಡಳಿತ ಮಂಡಳಿಯ) ಹೆಗಲ ಮೇಲಿವೆ, ಆ ಹಣದ ಬಹುಪಾಲು ಬರುವುದು ಕಾಣಿಕೆಯಿಂದ. ಒಬ್ಬ ವಿಕರ್ (ಪ್ಯಾರಿಷ್‌ನ ಪಾದ್ರಿ) ನಾಲ್ಕೈದು ಹಳ್ಳಿಗಳ ಚರ್ಚುಗಳನ್ನು ಒಟ್ಟಿಗೆ ನೋಡಿಕೊಳ್ಳುವುದು ಈಗ ಸಾಮಾನ್ಯ. ಕೆಲಸ ಮಾಡುವ ಕೈಗಳಿಲ್ಲದಿದ್ದರೆ ಬಾಗಿಲು ತೆರೆಯುವುದೇ ಇಲ್ಲ.

ಬಾಗಿಲ ಬಳಿಯ ಕೆಲಸ ಪುಸ್ತಕ ಹಂಚುವುದಷ್ಟೇ ಅಲ್ಲ. ತಲೆ ಎಣಿಸಿ, ಸೇವಾ ರಿಜಿಸ್ಟರಿನಲ್ಲಿ ಆರಾಧನೆಯ ಹೆಸರು, ನಡೆಸಿದವರು, ಬಂದವರ ಸಂಖ್ಯೆ, ಕರ್ತನ ಭೋಜನ ತೆಗೆದುಕೊಂಡವರ ಸಂಖ್ಯೆ, ಕಾಣಿಕೆ ಇವನ್ನೆಲ್ಲ ಬರೆಯಬೇಕು. ಪ್ರತಿ ಅಕ್ಟೋಬರಿನಲ್ಲಿ ಇಡೀ ಚರ್ಚ್ ಆಫ್ ಇಂಗ್ಲೆಂಡ್ ತನ್ನ ಹಾಜರಿಯನ್ನು ಲೆಕ್ಕ ಹಾಕುವಾಗ ಹದಿನಾರು ತುಂಬದ ಮಕ್ಕಳನ್ನು ಬೇರೆ ಎಣಿಸಬೇಕು. ಓಡಾಡುತ್ತಲೇ ಇರುವ ಮಕ್ಕಳನ್ನು ಎಣಿಸುವುದು ಕೋಳಿಮರಿಗಳನ್ನು ಎಣಿಸಿದಂತೆ. ಇದೆಲ್ಲಕ್ಕಿಂತ ಕಷ್ಟವಾದದ್ದು ಅಪರಿಚಿತರನ್ನು ಬರಮಾಡಿಕೊಳ್ಳುವ ಹದ. ಹೆಚ್ಚು ಮಾತನಾಡಿಸಿದರೆ ದಣಿದು ಬಂದವರು ಮರುವಾರ ಬರುವುದಿಲ್ಲ, ಮಾತನಾಡಿಸದಿದ್ದರೂ ಬರುವುದಿಲ್ಲ. ಊಟ ಆಯಿತೇ ಎಂದು ವಿಚಾರಿಸಿಯೇ ಮಾತು ಆರಂಭಿಸುವ ನಾಡಿನಿಂದ ಬಂದ ನಾನು ಇದನ್ನು ನಿಧಾನವಾಗಿ ಕಲಿತೆ.

ಎರಡನೆಯ ವರ್ಷ ವೇದಿಯ ಬಟ್ಟೆಗಳನ್ನು ಒಗೆಯುವ ಕೆಲಸ ನನ್ನ ಪಾಲಿಗೆ ಬಂತು. ಪಾತ್ರೆಯ ಅಂಚನ್ನು ಒರೆಸುವ ಬಟ್ಟೆಯಲ್ಲಿ ದ್ರಾಕ್ಷಾರಸದ ಕಲೆ ಉಳಿದಿರುತ್ತದೆ. ಅದನ್ನು ಮೊದಲು ತಣ್ಣೀರಿನಲ್ಲಿ ಅದ್ದಿ ಹಿಂಡಿ, ಆ ನೀರನ್ನು ಬಚ್ಚಲಿಗೆ ಬಿಡದೆ ಮಣ್ಣಿಗೆ ಸುರಿಯುವುದು ಇಲ್ಲಿನ ರೂಢಿ. ಹಾಗೆಂದು ನನಗೆ ಹೇಳಿಕೊಟ್ಟ ಹಿರಿಯ ಮಹಿಳೆ ತಮ್ಮ ಗುಲಾಬಿ ಗಿಡಗಳು ಸೊಂಪಾಗಿರುವುದಕ್ಕೆ ಅದೇ ಕಾರಣವೆಂದು ನಂಬಿದ್ದರು. ನನ್ನ ಅಜ್ಜಿ ನಮ್ಮ ಸಭೆಯ ಮೇಜಿನ ಬಿಳಿ ಬಟ್ಟೆಗೆ ನೀಲಿ ಹಾಕಿ, ಅನ್ನದ ಗಂಜಿ ಹಾಕಿ, ಇದ್ದಿಲಿನ ಇಸ್ತ್ರಿಪೆಟ್ಟಿಗೆಯಿಂದ ಗೆರೆ ಮೂಡದಂತೆ ಇಸ್ತ್ರಿ ಮಾಡುತ್ತಿದ್ದರು. ಅದನ್ನು ಅವರು ಸೇವೆ ಎಂದು ಎಂದೂ ಕರೆಯಲಿಲ್ಲ, ಸಭೆಯ ವರದಿಗಳಲ್ಲೂ ಅದರ ಪ್ರಸ್ತಾಪವಿರಲಿಲ್ಲ. ಫಲಕದ ಮೇಲಿನ ಆ ದೊಡ್ಡ ಹೆಸರಿಗೆ ನಾನು ನಗುವುದನ್ನು ಬಿಟ್ಟದ್ದು ಬಹುಶಃ ಆ ಬಟ್ಟೆಗಳನ್ನು ಒಣಹಾಕುವಾಗಲೇ. ಹಿತ್ತಾಳೆಯ ಹೂದಾನಿಗಳನ್ನು ಬೆಳಗುವ ಶನಿವಾರ ನಾನು ಹುಣಸೆಹಣ್ಣನ್ನು ಒಯ್ದೆ. ಬ್ರಾಸೋ ಬಿಟ್ಟು ಬೇರೇನನ್ನೂ ಕಾಣದವರು ಸಂಶಯದಿಂದ ನೋಡಿದರು. ಈಗ ಉಗ್ರಾಣದಲ್ಲಿ ಬ್ರಾಸೋದ ಡಬ್ಬಿಯ ಪಕ್ಕದಲ್ಲಿ ಹುಣಸೆಯ ಡಬ್ಬಿಯೂ ಒಂದಿದೆ.

ನನ್ನ ಮನಸ್ಸಿಗೆ ಅತಿ ಹತ್ತಿರವಾದದ್ದು ಮಂಗಳವಾರದ ಫುಡ್‌ಬ್ಯಾಂಕ್. ಟ್ರಸೆಲ್ ಎಂಬ ಸಂಸ್ಥೆ 2000ದಲ್ಲಿ ಸಾಲ್ಸ್‌ಬರಿಯ ಒಂದು ಮನೆಯ ಶೆಡ್ಡಿನಲ್ಲಿ ಆರಂಭಿಸಿದ ಈ ವ್ಯವಸ್ಥೆ ಈಗ ದೇಶದ ತುಂಬ ಹರಡಿದೆ. ಅದರ ಎಷ್ಟೋ ಕೇಂದ್ರಗಳು ನಡೆಯುವುದು ಚರ್ಚಿನ ಸಭಾಂಗಣಗಳಲ್ಲಿಯೇ. ವೈದ್ಯರೋ ಶಾಲೆಯವರೋ ಸಮಾಜಕಾರ್ಯಕರ್ತರೋ ಕೊಟ್ಟ ವೋಚರನ್ನು ತಂದವರಿಗೆ ಸಾಮಾನ್ಯವಾಗಿ ಮೂರು ದಿನಕ್ಕಾಗುವಷ್ಟು ಆಹಾರ ಕೊಡುತ್ತೇವೆ. ಬಂದ ಡಬ್ಬಿಗಳ ತಲೆಯ ಮೇಲೆ ದಪ್ಪ ಪೆನ್ನಿನಿಂದ ಅವಧಿ ಮುಗಿಯುವ ತಿಂಗಳನ್ನು ಬರೆದು, ಹಳೆಯವು ಮುಂದೆ ಬರುವಂತೆ ಜೋಡಿಸುವುದು ನನ್ನ ಕೆಲಸ. ಪಾಸ್ತಾ, ಕೆಡದ ಹಾಲು, ಟೊಮೆಟೊ, ಮಗುವಿನ ಡಯಾಪರ್, ಸ್ಯಾನಿಟರಿ ಪ್ಯಾಡ್. ಬೀನ್ಸ್ ಡಬ್ಬಿಗಳು ಬೇಕಾದ್ದಕ್ಕಿಂತ ಹೆಚ್ಚು ಬರುತ್ತವೆ, ಅಡುಗೆ ಎಣ್ಣೆ ಸದಾ ಕಡಿಮೆ. ‘ಕೆಟಲ್ ಬಾಕ್ಸ್’ ಎಂಬ ಒಂದು ಬಗೆಯ ಪೊಟ್ಟಣವಿದೆ. ಒಲೆಯೇ ಇಲ್ಲದ ಕೋಣೆಯಲ್ಲಿ ಇರುವವರಿಗಾಗಿ, ಬಿಸಿನೀರು ಸುರಿದರೆ ಸಾಕಾಗುವಂಥ ನೂಡಲ್ಸ್, ಸೂಪು, ಓಟ್ಸ್ ಅದರಲ್ಲಿರುತ್ತವೆ. ಶ್ರೀಮಂತ ದೇಶವೆಂದು ನಾನು ತಿಳಿದು ಬಂದಿದ್ದ ನಾಡಿನಲ್ಲಿ ಅಂಥ ಪೊಟ್ಟಣಕ್ಕೊಂದು ಹೆಸರೇ ಇದೆ ಎಂಬುದನ್ನು ಅರಗಿಸಿಕೊಳ್ಳಲು ನನಗೆ ಬಹಳ ದಿನ ಬೇಕಾಯಿತು. ಮಂಗಳವಾರ ಬರುವವರಲ್ಲಿ ಹೆಚ್ಚಿನವರನ್ನು ನಾನು ಭಾನುವಾರ ಕಂಡಿಲ್ಲ. ಅವರು ಭಾನುವಾರವೂ ಬರಬೇಕೆಂದು ನಾವು ಸೂಚಿಸುವುದೂ ಇಲ್ಲ. ಇದು ಸುವಾರ್ತೆಯ ಕೆಲಸವಾಯಿತೇ ಎಂದು ಊರಿನ ಹಿರಿಯರೊಬ್ಬರು ಫೋನಿನಲ್ಲಿ ಕೇಳಿದರು. ಮಂಗಳವಾರ ಬರುವವರೂ ಗೆರೆಯೊಳಗಿನವರು ಎಂದಷ್ಟೇ ಹೇಳಿದೆ.

ಗಂಟೆ ಬಾರಿಸುವವರದು ಬೇರೆಯೇ ಲೋಕ. ಇಲ್ಲಿನ ಗೋಪುರಗಳಲ್ಲಿ ಗಂಟೆಗಳನ್ನು ರಾಗಕ್ಕಲ್ಲದೆ ಗಣಿತದ ಕ್ರಮಪಲ್ಲಟನೆಯಂತೆ, ಸುತ್ತು ಸುತ್ತಿಗೂ ಗಂಟೆಗಳ ಸರದಿ ಬದಲಿಸಿ ಬಾರಿಸುತ್ತಾರೆ. ನಮ್ಮ ಗೋಪುರದ ಎಂಟು ಜನರಲ್ಲಿ ಮೂವರು ಗಂಟೆ ಬಾರಿಸಿ, ಆರಾಧನೆ ಆರಂಭವಾಗುವ ಹೊತ್ತಿಗೆ ಮೆಟ್ಟಿಲಿಳಿದು ಮನೆಗೆ ಹೋಗುತ್ತಾರೆ. ಅವರ ಹೆಸರೂ ಅದೇ ಫಲಕದಲ್ಲಿದೆ, ಯಾರಿಗೂ ಆಕ್ಷೇಪವಿಲ್ಲ.

ಎಲ್ಲವೂ ಚೆನ್ನಾಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ನಮ್ಮ ವಿಕರ್ ಬೇರೆಡೆಗೆ ಹೋದ ಮೇಲೆ ಹನ್ನೊಂದು ತಿಂಗಳು ಆ ಸ್ಥಾನ ಖಾಲಿ ಇತ್ತು. ವಾರ್ಡನ್ನರಿಬ್ಬರೂ ವಾರವಾರವೂ ಯಾವುದಾದರೂ ನಿವೃತ್ತ ಪಾದ್ರಿಯನ್ನು ಹುಡುಕಿ ಕರೆತರುತ್ತಿದ್ದರು. ಯಾರೂ ಸಿಗದ ಭಾನುವಾರ ಕರ್ತನ ಭೋಜನವಿಲ್ಲದೆ ಬೆಳಗಿನ ಪ್ರಾರ್ಥನೆಯನ್ನಷ್ಟೇ ಸಭಿಕರಲ್ಲೊಬ್ಬರು ನಡೆಸುತ್ತಿದ್ದರು. ಆ ಕಾಲದಲ್ಲಿ ಪಾಳಿಪಟ್ಟಿಯ ನಲವತ್ತು ಸಾಲುಗಳಲ್ಲಿ ಹನ್ನೆರಡೇ ಹೆಸರುಗಳು ಮತ್ತೆ ಮತ್ತೆ ಬರುತ್ತಿದ್ದವು. ಒಮ್ಮೆ ಆಗುವುದಿಲ್ಲ ಎಂದು ನಾನು ತಿಳಿಸಿದಾಗ ಬಂದ ಮೌನ ಹಿತವಾಗಿರಲಿಲ್ಲ. ಬಾಗಿಲಲ್ಲಿ, ಅಡುಗೆಮನೆಯಲ್ಲಿ, ಒಗೆಯುವಲ್ಲಿ ನನ್ನನ್ನು ಬೇಗನೆ ಸೇರಿಸಿಕೊಂಡವರು ಪ್ಯಾರಿಷ್ ಕೌನ್ಸಿಲ್ಲಿಗೆ ನನ್ನ ಹೆಸರನ್ನು ಸೂಚಿಸಲು ಐದು ವರ್ಷ ತೆಗೆದುಕೊಂಡರು ಎಂಬುದನ್ನೂ ಇಲ್ಲಿ ದಾಖಲಿಸಬೇಕು. ಬೇಕೆಂದು ಹಾಗೆ ಮಾಡಿದರೆಂದು ನಾನು ಭಾವಿಸುವುದಿಲ್ಲ. ತೀರ್ಮಾನ ಮಾಡುವ ಜನ ಎಂದರೆ ಅವರ ಕಣ್ಣಮುಂದೆ ನನ್ನಂಥವರ ಮುಖ ಬರುತ್ತಿರಲಿಲ್ಲ, ಅಷ್ಟೇ. ಸಂಡೇ ಸ್ಕೂಲಿನ ಮಕ್ಕಳ ಜೊತೆ ಕೆಲಸ ಮಾಡಲು ಬೇಕಾದ ಹಿನ್ನೆಲೆ ತಪಾಸಣೆ ಮತ್ತು ತರಬೇತಿಗಳ ಬಗ್ಗೆ ಗೊಣಗುವವರೂ ಇದ್ದಾರೆ. ನಾನು ಆ ಗುಂಪಿನವಳಲ್ಲ. ನಮ್ಮ ಊರಿನ ಸಭೆಗಳಲ್ಲಿಯೂ ಅದು ಇಷ್ಟೇ ಕಟ್ಟುನಿಟ್ಟಾಗಿರಲಿ ಎಂದು ಬಯಸುತ್ತೇನೆ.

ಕೌನ್ಸಿಲ್ಲಿಗೆ ಬಂದ ಮೇಲೆ ನಾನು ಮುಂದಿಟ್ಟ ಮೊದಲ ವಿಷಯ ಸುಗ್ಗಿ ಹಬ್ಬದ್ದು. ಕಾರ್ನ್‌ವಾಲ್‌ನ ಮಾರ್ವೆನ್‌ಸ್ಟೊ ಎಂಬ ಹಳ್ಳಿಯಲ್ಲಿ ರಾಬರ್ಟ್ ಹಾಕರ್ ಎಂಬ ವಿಕರ್ 1843ರಲ್ಲಿ ಈಗಿನ ರೂಪದ ಸುಗ್ಗಿ ಆರಾಧನೆಯನ್ನು ಆರಂಭಿಸಿದ. ಅದು ಮಿಷನರಿಗಳ ಜೊತೆ ನಮ್ಮಲ್ಲಿಗೂ ಬಂದು, ನಮ್ಮ ಕೈಗೆ ಸಿಕ್ಕು ಬೇರೆಯೇ ಆಗಿ ಬೆಳೆಯಿತು. ಮೈಸೂರಿನಲ್ಲಿ ಆ ದಿನ ಸಭೆಯ ಅಂಗಳವೆಂದರೆ ಸಂತೆಯೇ: ಬಾಳೆಗೊನೆ, ಕುಂಬಳಕಾಯಿ, ತೆಂಗಿನಕಾಯಿ, ಕಾಲು ಕಟ್ಟಿದ ನಾಟಿ ಕೋಳಿ, ಮೇಲಿಂದ ಮೇಲೆ ಏರುವ ಹರಾಜಿನ ಕೂಗು, ಒಂದೇ ಹಲಸಿನ ಹಣ್ಣನ್ನು ಕೊಂಡವರು ಮತ್ತೆ ಕಾಣಿಕೆಯಾಗಿ ಕೊಟ್ಟು ಮೂರು ಸಲ ಹರಾಜಾಗುವ ಗಮ್ಮತ್ತು. ಇಲ್ಲಿ ಸುಗ್ಗಿಯ ದಿನ ಜನ ಡಬ್ಬಿಗಳನ್ನು ತಂದು ವೇದಿಯ ಮುಂದಿಟ್ಟು ಮೆಲ್ಲಗೆ ಹಿಂದೆ ಸರಿಯುತ್ತಾರೆ, ಮಂಗಳವಾರದ ಹೊತ್ತಿಗೆ ಅವು ಫುಡ್‌ಬ್ಯಾಂಕಿನ ಕಪಾಟು ಸೇರಿರುತ್ತವೆ. ಡಬ್ಬಿಗಳು ಬರಲಿ, ಜೊತೆಗೆ ಜನ ತಮ್ಮ ತೋಟಗಳಲ್ಲಿ ಬೆಳೆದ ಸೇಬು, ಕುಂಬಳ, ಮನೆಯಲ್ಲಿ ಮಾಡಿದ ಜಾಮು ಇವನ್ನು ಅಂಗಳದಲ್ಲಿ ಹರಾಜು ಹಾಕಿ, ಬಂದ ಹಣದಿಂದ ಅಡುಗೆ ಎಣ್ಣೆ ಕೊಳ್ಳೋಣ ಎಂದೆ. ಚರ್ಚೆ ಮುಕ್ಕಾಲು ಗಂಟೆ ನಡೆಯಿತು. ಹರಾಜಿನಲ್ಲಿ ಕೊಂಡದ್ದನ್ನು ಮತ್ತೆ ಹರಾಜಿಗೆ ಕೊಡುವುದು ಲೆಕ್ಕಪತ್ರದಲ್ಲಿ ಎಲ್ಲಿ ಸೇರಬೇಕು ಎಂಬ ಖಜಾಂಚಿಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕೊನೆಗೆ ಒಪ್ಪಿದರು. ಅಕ್ಟೋಬರಿನ ಪಾಳಿಪಟ್ಟಿ ನಿನ್ನೆ ಬಂದಿದೆ, ಅದರಲ್ಲಿ ಹರಾಜು ಕೂಗುವವರು ಎಂಬ ಹೊಸ ಸಾಲೊಂದಿದೆ. ಅದರ ಮುಂದೆ ಬಾಗಿಲ ಬಳಿಯ ಆ ಹಿರಿಯ ಮಹಿಳೆ, ಈಗ ಎಂಬತ್ತೇಳರವರು, ತಮ್ಮ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡಿದ್ದಾರೆ.